ಅಕ್ಕನ ಶಿವದಾರ

ಹಾನಗಲ್ಲಿನ ಆ ವೃದ್ಧರ ಹೋಮಿನಲ್ಲಿ ಒಂದೇ ಹಾಸಿಗೆ ಉಳಿದಿತ್ತು. ಸೋಮವಾರದೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಅಲ್ಲಿಯ ಮೇಟ್ರನ್ ಹೇಳಿದಾಗ ಅವರ ದನಿಯಲ್ಲಿ ಒತ್ತಾಯವೇನೂ ಇರಲಿಲ್ಲ. ನನಗೆ ಕಷ್ಟವಾದದ್ದೇ ಅದು. ಹೆದರಿಸುವ ದನಿಯಲ್ಲಿ ಹೇಳಿದ್ದರೆ ಎದ್ದು ಬಂದುಬಿಡುತ್ತಿದ್ದೆ.

ಹಾಸಿಗೆ ಬೇಕಾಗಿದ್ದದ್ದು ನನ್ನ ಅಕ್ಕನಿಗೆ. ಆಕೆಗೆ ಎಂಬತ್ತು ದಾಟಿದೆ, ನನಗೆ ಎಪ್ಪತ್ತನಾಲ್ಕು. ಆಕೆಯ ಮಗ ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರಿ. ಅವನ ಮನೆಯ ಮುಂಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಲಾರಿಗಳು, ಹಮಾಲರು, ದಲಾಲರು. ಅಕ್ಕನಿಗೆ ಡಿಮೆನ್ಷಿಯಾ ಎಂದು ಡಾಕ್ಟರು ಹೇಳಿದ ಮೇಲೆ ಅಂಥ ಮನೆಯಲ್ಲಿ ಇರಿಸುವುದು ಹೇಗೆ? ಶಿಗ್ಗಾವಿಯಲ್ಲಿ ನನ್ನ ಮನೆಗೆ ಗೇಟು ಇತ್ತು, ಗೇಟಿಗೆ ಕೀಲಿ ಇತ್ತು, ಇಂಗ್ಲಿಷ್ ಟೀಚರಾಗಿ ರಿಟೈರಾದ ನನಗೆ ಬೇರೆ ಕೆಲಸವೂ ಇರಲಿಲ್ಲ. ಕರೆದುಕೊಂಡು ಬಂದೆ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಕೆ ನನ್ನನ್ನು ಒಮ್ಮೊಮ್ಮೆ ಅವ್ವಾ ಎನ್ನುತ್ತಿದ್ದಳು, ಒಮ್ಮೊಮ್ಮೆ ಶಾಲೆಯ ಟೀಚರೆಂದು ತಿಳಿದು ಬಾಯಾರ ಎನ್ನುತ್ತಿದ್ದಳು. ಎರಡಕ್ಕೂ ಓಗೊಡುವುದನ್ನು ಕಲಿತೆ.

ಆಮೇಲೆ ಒಂದು ಮಧ್ಯಾಹ್ನ ಹಾಲಿನವನಿಗೆ ತೆರೆದ ಗೇಟು ಹಾಕಲು ಮರೆತಿತ್ತು. ಅಕ್ಕ ಸಿಕ್ಕಿದ್ದು ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ. ಬಸ್ಸಿಗೆ ಕಾಯುವವರ ನಡುವೆ ಬರಿಗಾಲಲ್ಲಿ ಕುಳಿತು, ಹಿರೇಕೆರೂರ ಗಾಡಿ ಹೋತೇನ್ರಿ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಅದಾದ ವಾರವೇ ಬಚ್ಚಲಲ್ಲಿ ಜಾರುತ್ತಿದ್ದ ಆಕೆಯನ್ನು ಹಿಡಿಯಹೋಗಿ ನನ್ನ ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ನೀವಿಬ್ಬರೂ ಒಟ್ಟಿಗೇ ಬಿದ್ದರೆ ಎತ್ತುವವರು ಯಾರು ಎಂದು ಕೇಳಿದರು. ಹಿರೇಕೆರೂರಿಗೆ ಫೋನ್ ಮಾಡಿದೆ.

ಪ್ಲಾಸ್ಟರ್ ತೆಗೆದ ಮೇಲೆ ಅಕ್ಕನ ಮಗ ಕಾರು ತಂದ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿಕೊಂಡು ಹೊರಟೆವು.

ಮೊದಲು ನೋಡಿದ್ದು ಸವಣೂರಿನ ಹೊರಗೆ, ಎಲೆಬಳ್ಳಿ ತೋಟಗಳನ್ನು ದಾಟಿದ ಮೇಲೆ ಸಿಗುವ ಒಂದು ಕಟ್ಟಡ. ನಡೆಸುವವರು ಒಳ್ಳೆಯ ಮಾತಿನ ಮನುಷ್ಯ. ಚಹಾ ತರಿಸಿದರು, ಖಾರಾ ತರಿಸಿದರು. ಏನು ಕೇಳಿದರೂ ಆತು ಬಿಡ್ರಿ ಎನ್ನುತ್ತಿದ್ದರು. ಪೂಜೆ? ಆತು ಬಿಡ್ರಿ. ಬೆಳಿಗ್ಗೆ ಬಿಸಿನೀರು? ಆತು ಬಿಡ್ರಿ. ಒಳಗಿನ ಹಾಲಿನಲ್ಲಿ ಹೆಂಗಸರು ಸಾಲಾಗಿ ಟೀವಿಯ ಮುಂದೆ ಕುಳಿತಿದ್ದರು. ಎಷ್ಟು ಕಂಪೋಸ್ಡ್ ಆಗಿ ಕುಳಿತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ಒಬ್ಬ ಅಜ್ಜಿಯ ಸೊಂಟದ ಸುತ್ತ ಹಳೆಯ ಸೀರೆ ಕಂಡಿತು. ಅದರ ಗಂಟು ಕುರ್ಚಿಯ ಹಿಂದಿತ್ತು. ನಾನು ಅಕ್ಕನ ಕೈ ಹಿಡಿದುಕೊಂಡು ಹೊರಗೆ ಬಂದೆ. ಮಗನೂ ನೋಡಿದ್ದನೆಂದು ಕಾಣುತ್ತದೆ, ನಾವು ಕೂರುತ್ತಲೇ ಕಾರು ಹೊರಡಿಸಿದ.

ಹಾನಗಲ್ಲಿನದು ಬೇರೆಯೇ. ಗಂಜಿ ಹಾಕಿ ತೊಳೆದ ಬೆಡ್‌ಶೀಟಿನ ವಾಸನೆ, ಹೊರಬಾಗಿಲು ತೆರೆದರೆ ಸದ್ದು ಮಾಡುವ ಬೆಲ್ಲು, ಗೋಡೆಗುಂಟ ಹಿಡಿದು ನಡೆಯಲು ಕಟ್ಟಿಗೆಯ ಪಟ್ಟಿ. ಮೇಟ್ರನ್ ನಮ್ಮಿಬ್ಬರನ್ನು ಬಿಟ್ಟು ಅಕ್ಕನ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತರು, ಆಕೆಯ ಮುಖ ನೋಡುತ್ತಲೇ ಮಾತಾಡಿದರು. ಅಕ್ಕ ಅವರ ಬಳೆ ಮುಟ್ಟಿ ನೋಡಿದಳು. ಬೇರೆಯವರ ಹತ್ತಿರ ಆಕೆ ಅಷ್ಟು ಹಗುರಾಗಿ ಇದ್ದದ್ದನ್ನು ಕಂಡು ಬಹಳ ದಿನವಾಗಿತ್ತು. ಇಲ್ಲಿಯೇ ಎಂದು ನನ್ನ ಮನಸ್ಸು ಆಗಲೇ ಹೇಳಿಬಿಟ್ಟಿತ್ತು.

ಆಗ ಮೇಟ್ರನ್ ಕಣ್ಣು ಅಕ್ಕನ ಕೊರಳಿನ ಮೇಲೆ ನಿಂತಿತು.

ಅಕ್ಕನ ಕೊರಳಲ್ಲಿ ಶಿವದಾರ, ಅದರ ತುದಿಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ನಾವು ಹುಟ್ಟಿದ ಮನೆಯಲ್ಲಿ ಕೂಸಿಗೆ ಲಿಂಗ ಕಟ್ಟಿದರೆ ಅದು ಮಣ್ಣಿಗೆ ಹೋಗುವವರೆಗೂ ಮೈಮೇಲೆಯೇ. ಸ್ನಾನವಾದ ಮೇಲೆ ಅಕ್ಕ ಅದನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಾಳೆ. ಆಮೇಲೆಯೇ ಚಹಾ. ಏನು ತಿನ್ನಲು ಕೊಟ್ಟರೂ ಮೊದಲು ಲಿಂಗಕ್ಕೆ ತೋರಿಸುತ್ತಾಳೆ. ಮಗನ ಹೆಸರು ಮರೆತಿದೆ, ಗಂಡ ಸತ್ತದ್ದು ಮರೆತಿದೆ. ಆ ಎಡಗೈ ಮಾತ್ರ ಏನನ್ನೂ ಮರೆತಿಲ್ಲ.

ಕೊರಳಲ್ಲಿ ಏನೂ ಇರಬಾರದು ಎಂಬುದು ಅಲ್ಲಿಯ ರೂಲು. ಒಮ್ಮೆ ಒಬ್ಬ ಅಜ್ಜಿಯ ದಾರ ಕಾಟಿನ ಸರಳಿಗೆ ಸಿಕ್ಕಿಕೊಂಡಿತ್ತಂತೆ. ಕತ್ತರಿ ಕೈಗೆ ಸಿಕ್ಕಿದ್ದಕ್ಕೆ ಆಕೆ ಉಳಿದಳಂತೆ. ನಾನು ಲಿಂಗದ ವಿಷಯ ಹೇಳತೊಡಗಿದೆ. ಮೇಟ್ರನ್ ಪೂರ್ತಿ ಕೇಳಿಸಿಕೊಂಡರು.

“ಅಮ್ಮಾರ, ದೇವರ ವಿಷಯದಾಗ ನಾ ವಾದ ಮಾಡಂಗಿಲ್ಲ. ನನ್ನ ತಾಳೀನೂ ಡ್ಯೂಟಿಗೆ ಬಂದಾಗ ಕಪಾಟಿನ್ಯಾಗ ಇಡ್ತೇನಿ. ಒಮ್ಮೆ ಕಣ್ಣಾರೆ ನೋಡೇನ್ರಿ. ಇನ್ನೊಮ್ಮೆ ನೋಡೂ ಧೈರ್ಯ ನನಗಿಲ್ಲ.”

ಅವರ ಮಾತು ಪರ್ಫೆಕ್ಟ್ಲಿ ರೀಸನಬಲ್ ಆಗಿತ್ತು.

ಹಿಂದಿರುಗುವಾಗ ಕಾರಿನಲ್ಲಿ ಮಗ ಮೆಲ್ಲಗೆ ಶುರುಮಾಡಿದ. ಅವ್ವನಿಗೆ ಏನು ತಿಳಿಯುತ್ತದೆ, ಎರಡು ದಿನ ಹುಡುಕಿ ಮರೆಯುತ್ತಾಳೆ ಎಂದ. ನಾನು ಒಪ್ಪದಿದ್ದಾಗ ಕನ್ನಡಿಯಲ್ಲಿ ನನ್ನನ್ನು ನೋಡಿದ.

“ನಿನ್ನ ಲಿಂಗ ಬೆಳ್ಳಿ ಕರಡಿಗ್ಯಾಗ, ಕರಡಿಗಿ ಕಪಾಟಿನ್ಯಾಗ. ಅವ್ವನ ಲಿಂಗಕ್ಕ ನೀ ಜಗಳಾಡಾಕತ್ತೀ ಚಿಗವ್ವ.”

ಅವನು ಹೇಳಿದ್ದು ನಿಜ. ನಾನು ಹಾಕಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಅದಕ್ಕಾಗಿ ನನಗೆ ಸಂಕಟವೂ ಇಲ್ಲ, ಹೆಮ್ಮೆಯೂ ಇಲ್ಲ. ನನ್ನ ಭಯ ಊಟದ್ದು ಎಂದೆ. ಲಿಂಗ ಮೈಯಿಂದ ಬಿದ್ದುಹೋದರೆ ಸಿಗುವವರೆಗೆ ನೀರನ್ನೂ ಮುಟ್ಟಬಾರದು ಎಂದು ನಮ್ಮಜ್ಜಿ ನಮಗೆ ಹೇಳಿಕೊಟ್ಟಿದ್ದಳು. ಅಕ್ಕ ಅದನ್ನೂ ಮರೆತಿದ್ದಾಳೆಯೇ? ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ದಿನ ಮನೆಯಲ್ಲೇ ತೆಗೆದಿಟ್ಟು ನೋಡೋಣ ಎಂದ ಅವನು. ಅಲ್ಲಿ ಹೋಗಿ ಗೊತ್ತಾಗುವುದಕ್ಕಿಂತ ಇಲ್ಲಿ ಗೊತ್ತಾಗಲಿ ಎಂದು ನಾನೂ ಹೂಂ ಎಂದೆ.

ಮರುದಿನ ಭಾನುವಾರ, ಮಗ ನನ್ನ ಮನೆಯಲ್ಲೇ ಉಳಿದಿದ್ದ. ಸ್ನಾನ ಮಾಡಿಸುವಾಗ ಶಿವದಾರ ತೆಗೆದು ಮಗನ ಕೈಗೆ ಕೊಟ್ಟೆ. ಅವನು ದೇವರ ಜಗಲಿಯ ಮೇಲಿಟ್ಟು ಅದರ ಮೇಲೆ ವಸ್ತ್ರ ಮುಚ್ಚಿದ. ಅಕ್ಕ ಬಂದು ಮಣೆಯ ಮೇಲೆ ಕುಳಿತಳು, ಎಡಗೈ ಚಾಚಿದಳು. ಬಲಗೈ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಇಳಿಸಿದಳು, ಮತ್ತೆ ಏರಿಸಿದಳು. ಅಂಗೈ ಚಾಚಿಕೊಂಡೇ ಕುಳಿತಳು.

ಚಹಾ ಆರಿತು. ರೊಟ್ಟಿ ಹಾಕಿ ಕೊಟ್ಟೆ, ತಾಟು ಸರಿಸಿದಳು. ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ ಬಿಡುವವಳು, ಅದರ ಕಡೆ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಡುಕಲು ಶುರುಮಾಡಿದಳು. ಚಾಪೆ ಎತ್ತಿದಳು, ಹಾಸಿಗೆ ಕೊಡವಿದಳು, ಬಚ್ಚಲ ಮೋರಿಗೆ ಕೈ ಹಾಕಿದಳು. ತುಟಿಗಳು ಒಣಗಿ ಬಿಳಿಯಾಗಿದ್ದವು. ನಾನು ನೀರಿನ ಲೋಟ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದೆ. ಮಗ ಪಡಸಾಲೆಯ ಕಂಬಕ್ಕೆ ಒರಗಿ ಮೊಬೈಲು ನೋಡುವವನಂತೆ ನಿಂತಿದ್ದ.

ಕೊನೆಗೆ ಅಕ್ಕ ಅವನ ಮುಂದೆ ಹೋಗಿ ನಿಂತಳು. ಅಪರಿಚಿತರ ಹತ್ತಿರ ಮಾತಾಡುವ ಮರ್ಯಾದೆಯ ದನಿಯಲ್ಲಿ ಹೇಳಿದಳು.

“ಯಪ್ಪಾ, ನನ್ನ ಲಿಂಗ ಬಿದ್ದೈತ್ರಿ. ನಾ ಉಣ್ಣಂಗಿಲ್ಲ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಗಾಬರಿ ಆಗ್ತಾರ.”

ಅವನ ಕೈಯಿಂದ ಮೊಬೈಲು ಜಾರಿತು. ಒಳಗೆ ಓಡಿ ಜಗಲಿಯಿಂದ ಲಿಂಗ ತಂದು, “ಸಿಕ್ತಬೇ, ಇಲ್ಲೇ ಇತ್ತು” ಎಂದು ಅವಳ ಅಂಗೈಯಲ್ಲಿಟ್ಟ. ಅಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನೀರು ಕುಡಿದಳು, ರೊಟ್ಟಿ ತಿಂದಳು, ಎಣ್ಣೆಗಾಯಿಗೆ ಉಪ್ಪು ಕಡಿಮೆ ಎಂದಳು. ಮಗ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ಹಾಗಾದರೆ ಸವಣೂರೇ ಗತಿಯೇ? ಅಲ್ಲಿ ಲಿಂಗಕ್ಕೆ ಆತು ಬಿಡ್ರಿ, ಕುರ್ಚಿಗೆ ಕಟ್ಟುವುದಕ್ಕೂ ಆತು ಬಿಡ್ರಿ. ಹಾನಗಲ್ಲಿಗೆ ಸೋಮವಾರದೊಳಗೆ ಹೇಳಬೇಕು. ಸಂಜೆ ಅಕ್ಕನ ಪಕ್ಕ ಕುಳಿತು ಮಣಿಕಟ್ಟಿನ ಸ್ಪ್ಲಿಂಟ್ ಬಿಚ್ಚಿ ಕಟ್ಟುತ್ತಿದ್ದೆ. ಪ್ಲಾಸ್ಟರ್ ತೆಗೆದ ಮೇಲೆ ಕೊಟ್ಟಿದ್ದ ಬೆಲ್ಟದು. ವೆಲ್ಕ್ರೋ ಎಳೆದಾಗಲೆಲ್ಲ ಪರ್ ಎನ್ನುತ್ತದೆ. ತೋಳಿನ ಸುತ್ತ ಬಟ್ಟೆ ಬಿಗಿಯುವ ಆ ಅನುಭವ ನನಗೆ ಹೊಸದಲ್ಲ ಎನಿಸಿತು. ಎಲ್ಲಿ, ಯಾವಾಗ ಎಂದು ಯೋಚಿಸುತ್ತ ಕುಳಿತೆ.

ಕಾನ್ವೆಂಟು. ನಮ್ಮ ತವರೂರು ಅಬಲೂರಿನಿಂದ ನನ್ನನ್ನು ಹುಬ್ಬಳ್ಳಿಯ ಬೋರ್ಡಿಂಗಿಗೆ ಸೇರಿಸಿದಾಗ ನಾನು ಫ್ರಾಕಿನ ಹುಡುಗಿ. ಕೊರಳಲ್ಲಿ ದಾರ, ಸರ ಏನೂ ಕೂಡದೆಂದು ಅಲ್ಲಿಯ ಸಿಸ್ಟರ್ಸ್ ಹೇಳಿ ಕಳಿಸಿದ್ದರು. ಹಾಗಾದರೆ ಓದೇ ಬೇಡ ಎಂದಳು ಅಜ್ಜಿ. ಅಕ್ಕನಿಗೆ ಆಗಲೇ ಶಾಲೆ ಬಿಡಿಸಿ ಲಗ್ನದ ಮಾತು ನಡೆಸಿದ್ದರು. ಆಕೆ ತನ್ನ ಕುಪ್ಪಸದಲ್ಲಿ ಉಳಿದ ಖಣದ ತುಂಡಿನಿಂದ ಒಂದು ಪಟ್ಟಿ ಹೊಲಿದಳು, ನಡುವೆ ಸಣ್ಣ ಜೇಬು, ತುದಿಗೆ ಗುಂಡಿ. ನನ್ನ ರಟ್ಟೆಗೆ ಕಟ್ಟಿ, ಪಫ್ ತೋಳನ್ನು ಅದರ ಮೇಲೆ ಎಳೆದಳು. ಲಿಂಗ ಮೈಮೇಲಿದ್ದರಾಯಿತು, ಹೊಲದಲ್ಲಿ ದುಡಿಯುವವರು ರಟ್ಟೆಗೆ ಕಟ್ಟಿಕೊಳ್ಳುವುದಿಲ್ಲವೇ ಎಂದು ಅಜ್ಜಿಯ ಎದುರು ವಾದಿಸಿದ್ದೂ ಆಕೆಯೇ. ಬೋರ್ಡಿಂಗಿಗೆ ಬಿಡಲು ಅಪ್ಪನ ಜೊತೆ ಆಕೆಯೂ ಬಂದಿದ್ದಳು.

ಆ ರಾತ್ರಿ ನಾನು ನನ್ನ ಸ್ಪ್ಲಿಂಟಿನ ವೆಲ್ಕ್ರೋ ಕತ್ತರಿಸಿದೆ. ಅಕ್ಕನ ಮೆತ್ತನೆಯ ಹತ್ತಿ ಸೀರೆಯ ಸೆರಗಿನಿಂದ ಜೇಬಿರುವ ಅಂಥದ್ದೇ ಪಟ್ಟಿ ಮಾಡಿದೆ. ನನ್ನ ಹೊಲಿಗೆ ಕೆಟ್ಟದ್ದು, ಅದರಲ್ಲೂ ಒಂದು ಕೈ ನೋವಿನದು. ಸೂಜಿಗೆ ದಾರ ಪೋಣಿಸಿಕೊಟ್ಟವನು ಮಗ.

ಸೋಮವಾರ ಹಾನಗಲ್ಲಿನಲ್ಲಿ ಮೇಟ್ರನ್ ಆ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿಕೊಂಡು ಕಾಟಿನ ಸರಳಿಗೆ ಸಿಕ್ಕಿಸಿ ಜಗ್ಗಿದರು. ಪರ್ ಎಂದು ಬಿಚ್ಚಿತು. ಮತ್ತೆ ಕಟ್ಟಿ ಮತ್ತೆ ಜಗ್ಗಿದರು. ತೋಳು ಬಾತರೆ ಆ ಹೊತ್ತಿಗೆ ತೆಗೆದು ತಲೆದಿಂಬಿನ ಪಕ್ಕ ಇಡುತ್ತೇವೆ, ಅದಕ್ಕೆ ಒಪ್ಪಿಗೆ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಅಕ್ಕ ಒಪ್ಪಬೇಕಲ್ಲ. ಶಿವದಾರ ತೆಗೆದು ಲಿಂಗವನ್ನು ಜೇಬಿನಲ್ಲಿಟ್ಟು ರಟ್ಟೆಗೆ ಕಟ್ಟಿದಾಗ ಆಕೆಯ ಬಲಗೈ ಎದೆಗೆ ಹೋಯಿತು. ನಿನ್ನೆಯಂತೆಯೇ. ಮುಖ ಬಿಗಿಯಿತು. ನಾನು ಆ ಕೈಯನ್ನು ಹಿಡಿದು ಎಡ ರಟ್ಟೆಯ ಮೇಲಿಟ್ಟೆ. ಬೆರಳುಗಳು ಬಟ್ಟೆಯ ಮೇಲೆ ನಿಧಾನವಾಗಿ ಓಡಾಡಿದವು, ಗುಂಡಗಿನದನ್ನು ಮುಟ್ಟಿದವು. ಅಕ್ಕ ನನ್ನ ಮುಖ ನೋಡಿದಳು, ನನ್ನ ತೋಳು ನೋಡಿದಳು. ನನ್ನ ಕುಪ್ಪಸದ ತೋಳನ್ನು ಕೆಳಗೆ ಎಳೆದು ಸರಿಮಾಡಿದಳು.

“ಯಾರಿಗೂ ತೋರಿಸಬ್ಯಾಡ” ಎಂದಳು.

ಅಕ್ಕ ಎದ್ದು ಸೆರಗು ಹೊದ್ದಳು, ಹೊರಟು ನಿಂತವರಂತೆ. ಊಟದ ಗಂಟೆ ಹೊಡೆಯಿತು.

“ಗಂಟಿ ಹೊಡೀತು, ಒಳಗ ನಡಿ ತಂಗಿ. ಅಳಬ್ಯಾಡ. ಚೆಂದಂಗ ಓದು. ದೀಪಾವಳಿಗೆ ಕರಿಯಾಕ ನಾನಽ ಬರ್ತೇನಿ.”

ಆಕೆ ಹೊರಬಾಗಿಲ ಕಡೆ ನಡೆದಳು. ಬಿಟ್ಟು ಹೋಗುವವಳು ತಾನು, ಉಳಿಯುವವಳು ನಾನು. ಬಾಗಿಲ ಬೆಲ್ಲು ಸದ್ದು ಮಾಡಿತು. ಮೇಟ್ರನ್ ಅಡ್ಡ ಬಂದು, ತಂಗಿ ಒಳಗೆ ಹೋಗುವವರೆಗೆ ನಿಂತು ನೋಡಿ ಹೋಗ್ರಿ ಎಂದು ಆಕೆಯ ಕೈ ಹಿಡಿದರು. ನನಗೆ ಕಣ್ಸನ್ನೆ ಮಾಡಿದರು.

ನಾನು ಒಳಗೆ ನಡೆದೆ. ಊಟದ ಹಾಲಿನ ಬಾಗಿಲಲ್ಲಿ ತಿರುಗಿ ನೋಡಿದೆ. ಅಕ್ಕ ವರಾಂಡದಲ್ಲಿ ನಿಂತು ಕೈಯಾಡಿಸಿ ಒಳಗೆ ಹೋಗು ಎನ್ನುತ್ತಿದ್ದಳು. ಕೈಯೆತ್ತಿದಾಗ ಪಟ್ಟಿ ಸ್ವಲ್ಪ ಕಾಣುತ್ತಿತ್ತು. ನಾನು ಊಟದ ಹಾಲ್ ದಾಟಿ, ಅಡುಗೆಮನೆ ದಾಟಿ, ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಮಗ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದ. ನಾವು ಅಕ್ಕನಿಗೆ ಕಾಣದಂತೆ ಮುಂಬಾಗಿಲ ರಸ್ತೆ ಬಿಟ್ಟು ಸುತ್ತು ಹಾಕಿ ಶಿಗ್ಗಾವಿಗೆ ಹೋದೆವು.

ಸಂಜೆ ಮೇಟ್ರನ್ ಫೋನ್ ಮಾಡುವವರೆಗೆ ನಾನು ದೀಪವನ್ನೂ ಹಚ್ಚಿರಲಿಲ್ಲ.

“ಮಧ್ಯಾಹ್ನ ಬಹಳ ಹಠ ಮಾಡಿದ್ರು. ಒಳಗ ಹೋದ ಹುಡುಗಿ ಉಂಡಳೇನು ಅಂತ ಒಂದೇ ಸಮ ಕೇಳಿದ್ರು. ಉಂಡಾಳ್ರಿ ಅಂದೆ. ಆಮ್ಯಾಲೆ ರಟ್ಟಿ ಹತ್ರ ತುತ್ತು ಹಿಡದು ತೋರಿಸಿ, ತಾವೂ ಉಂಡ್ರು. ನೀವು ಅರಾಮ ಇರ್ರಿ.”

ಫೋನ್ ಇಟ್ಟೆ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಎದ್ದು ದೀಪ ಹಚ್ಚಿ, ನಿನ್ನೆಯ ರೊಟ್ಟಿ ಮುರಿದು ತಾಟಿಗೆ ಹಾಕಿಕೊಂಡೆ. ಮೇಟ್ರನ್ ಅಕ್ಕನಿಗೆ ಹೇಳಿದ ಮಾತು ಸುಳ್ಳಾಗಬಾರದಲ್ಲ.