ಎರಡನೇ ಟ್ರಿಪ್ಪಿನ ದಾಸವಾಳ

ಆ ದಿನ ಸಿರುಗುಪ್ಪದ ಬಸ್ಸು ಬಳ್ಳಾರಿ ನಿಲ್ದಾಣ ಬಿಡುವಾಗ ನಾಲ್ಕು ನಿಮಿಷ ತಡವಾಯಿತು. ತಪ್ಪು ಡ್ರೈವರ್ ವೀರೇಶನದಲ್ಲ, ಕಂಡಕ್ಟರ್ ಪಂಪಾವತಿಯದು. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಆಕೆ ‘ರೈಟ್’ ಹೇಳುವುದನ್ನು ಮರೆತು ನಿಂತದ್ದು ಅದೇ ಮೊದಲು.

ಮೂರನೇ ಸೀಟಿನಲ್ಲಿ ಒಬ್ಬ ವಯಸ್ಸಾದವರು ಕೂತಿದ್ದರು. ಬಿಳಿ ಷರಟು, ದಪ್ಪ ಕನ್ನಡಕ, ಎರಡು ಮೊಣಕಾಲುಗಳ ನಡುವೆ ಒಂದು ಮಣ್ಣಿನ ಕುಂಡ. ಕುಂಡದಲ್ಲಿ ಎರಡು ಗೇಣು ಎತ್ತರದ ಗಿಡ, ಅದರ ತುದಿಯಲ್ಲಿ ಒಂದೇ ಒಂದು ಹೂವು. ತಿಂಡಿ ತಟ್ಟೆಯಷ್ಟು ಅಗಲ. ನಡುವೆ ಕಡುಗೆಂಪು, ಅದರ ಸುತ್ತ ಮಳೆಮೋಡದ ಬೂದು, ಅಂಚಿಗೆ ಮಾತ್ರ ಮಾಗಿದ ಪಪ್ಪಾಯಿಯ ಬಣ್ಣ. ಯಾರೋ ಕಾಗದದಲ್ಲಿ ಮಾಡಿ ಅಂಟಿಸಿದ್ದಾರೆ ಎಂದುಕೊಂಡು ಪಂಪಾವತಿ ಬಗ್ಗಿ ಬೆರಳ ತುದಿಯಿಂದ ಮುಟ್ಟಿದಳು. ಎಸಳು ತಣ್ಣಗಿತ್ತು.

“ಇದು ಯಾವ ಹೂವ್ರಿ ಅಜ್ಜಾರ?”

“ದಾಸವಾಳ, ಯವ್ವಾ.”

“ಸುಳ್ಳು ಹೇಳಬ್ಯಾಡ್ರಿ. ದಾಸವಾಳ ನಮ್ಮನಿ ಹಿತ್ತಲದಾಗೂ ಐತಿ. ಅದು ಕೆಂಪಗ ಇರ್ತತಿ.”

“ಅದು ಅಕ್ಕ, ಇದು ತಂಗಿ. ಈಗ ಟಿಕೆಟ್ ಕೊಡವ್ವ, ಆಮೇಲೆ ಮಾತಾಡೋಣು. ನಿನ್ನ ಡ್ರೈವರ್ ನನ್ನ ನುಂಗಂಗ ನೋಡಾಕತ್ಯಾನ.”

ಅವರ ಹೆಸರು ತಿಪ್ಪೇರುದ್ರಪ್ಪ. ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಣ್ಣದ ಹುಚ್ಚು ನಿವೃತ್ತಿಯಾಗಲಿಲ್ಲ, ಗಿಡಗಳ ಕಡೆ ತಿರುಗಿತು. ಪುಣೆಯಿಂದ ಪಾರ್ಸಲ್ ಬಂದ ಆ ಗಿಡವನ್ನು ಬಳ್ಳಾರಿಯ ಆಫೀಸಿಗೆ ಹೋಗಿ ತಾವೇ ಬಿಡಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ತೆಕ್ಕಲಕೋಟೆ ದಾಟುವ ಹೊತ್ತಿಗೆ ಇಷ್ಟೆಲ್ಲ ಪಂಪಾವತಿಗೆ ತಿಳಿದಿತ್ತು. ಸಿರುಗುಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತದೆ. ಚಹಾ ಬಿಟ್ಟು ಆಕೆ ಮೇಷ್ಟ್ರ ಹಿಂದೆಯೇ ನಿಲ್ದಾಣದ ಹಿಂಬದಿಯ ಓಣಿಯಲ್ಲಿದ್ದ ಅವರ ಮನೆಗೆ ಹೋದಳು.

ಅಂಗಳದಲ್ಲಿ ನಲವತ್ತೆರಡು ಕುಂಡಗಳಿದ್ದವು. ಹಳದಿ, ನೇರಳೆ, ಕಂದು, ಹಾಲುಬಿಳಿ. ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಹೆಸರು. ಮೇಷ್ಟ್ರು ಒಂದು ಉದ್ದನೆಯ ಪುಸ್ತಕ ತೆಗೆದು ತೋರಿಸಿದರು. ಪುಟಕ್ಕೊಂದು ಹೂವು, ಜಲವರ್ಣದಲ್ಲಿ ಬರೆದದ್ದು, ಅರಳಿದ ತಾರೀಖು ಸಮೇತ. ಹೊರಡುವಾಗ ಎರಡು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. ಪಂಪಾವತಿ ಅವನ್ನು ಟಿಕೆಟ್ ಮಷೀನಿನ ಚೀಲದೊಳಗೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿಕೊಂಡು ಬಂದಳು.

ಹದಿನೈದು ದಿನಕ್ಕೆ ಎರಡೂ ಕಡ್ಡಿ ಕೊಳೆತವು.

ಮುಂದಿನ ಪಾಳಿಯಲ್ಲಿ ಅದನ್ನು ಹೇಳಿದಾಗ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೊಳೀತಾವಂತ ಗೊತ್ತಿದ್ದೇ ಕೊಟ್ಟಿದ್ದೆ. ಹೋದ್ವು ಅಂತ ಮತ್ತ ಬರ್ತೀಯೋ, ಸುಮ್ನಾಗ್ತೀಯೋ ನೋಡೂದಿತ್ತು. ಇವು ಮೆತ್ತಗಿನ ಜಾತಿ. ತಮ್ಮ ಬೇರಿನ ಮ್ಯಾಲೆ ತಾವು ನಿಲ್ಲಂಗಿಲ್ಲ. ನಿಮ್ಮ ಹಿತ್ತಲದ ಕೆಂಪು ದಾಸವಾಳ ಐತಲ್ಲ, ಅದರ ಕಾಂಡ ಸೀಳಿ ಇದನ್ನ ಕಸಿ ಕಟ್ಟಬೇಕು.”

ಪಂಪಾವತಿ ಎಂಟು ಕಸಿ ಕಟ್ಟಿದಳು. ಎಂಟೂ ಒಣಗಿದವು. ದಿನವಿಡೀ ಟಿಕೆಟ್ ಮಷೀನು ಒತ್ತಿದ ಕೈಗೆ ಬ್ಲೇಡು ಒಗ್ಗಲಿಲ್ಲ, ಸೀಳು ಪ್ರತಿ ಸಲವೂ ಓರೆಯಾಗುತ್ತಿತ್ತು. ಒಂಬತ್ತನೆಯದಕ್ಕೆ ಕೂತಾಗ ಗಂಡ ಹುಲಿಗೇಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರು. ಎಂಬತ್ತು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ ಎಳೆ ತಪ್ಪದಂತೆ ಕತ್ತರಿಸುವವನು.

“ಹಂಗ ಕೊರೀಬ್ಯಾಡಲೇ, ಕೊಡಿಲ್ಲಿ,” ಎಂದು ಬ್ಲೇಡು ಇಸಿದುಕೊಂಡ. ಕೆಂಪು ದಾಸವಾಳದ ಕಾಂಡವನ್ನು ಒಂದೇ ಎಳೆತಕ್ಕೆ ಸೀಳಿದ. ಕಡ್ಡಿಯ ಬುಡವನ್ನು ಎರಡೂ ಕಡೆ ಚೂಪಾಗಿ ಹೆರೆದು ಸೀಳಿಗೆ ಇಳಿಸಿದ. ಪ್ಯಾಂಟು ಕಟ್ಟಿ ಬಂದ ಪ್ಲಾಸ್ಟಿಕ್ ಹಾಳೆಯ ಪಟ್ಟಿಯಿಂದ ಬಿಗಿದ. ಮೇಲೊಂದು ಕವರು ಮುಚ್ಚಿದ. ಇಪ್ಪತ್ತೆರಡನೆಯ ದಿನ ಕವರಿನೊಳಗೆ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಪಂಪಾವತಿ ಯೂನಿಫಾರ್ಮಿನಲ್ಲೇ ಮಾಳಿಗೆಯ ಮೇಲಿಂದ ಕೂಗಿದ ಕೂಗಿಗೆ ಆಚೆಮನೆಯವರು ಹಾವು ಬಂತೇನೋ ಎಂದು ಕೋಲು ಹಿಡಿದು ಓಡಿಬಂದರು.

ಅಲ್ಲಿಂದ ಮುಂದೆ ಗಿಡ ಸೇರಿಸುವುದು ಆಕೆಗೆ ಊಟ ನಿದ್ದೆಯ ಜೊತೆಯ ಕೆಲಸವಾಯಿತು. ಗಿಡ ಹುಡುಕುವವರಿಗೆ ಬಸ್ಸಿಗಿಂತ ಒಳ್ಳೆಯ ಜಾಗವಿಲ್ಲ. ಕುರುಗೋಡಿನ ಪಾಳಿಯಲ್ಲಿ ಕೊಳಗಲ್ಲಿನ ಸ್ಟಾಪಿನಲ್ಲಿ ಹತ್ತುವ ಹೆಂಗಸರು ಕಿಟಕಿಯಿಂದಲೇ ಕಡ್ಡಿ ಕೊಡತೊಡಗಿದರು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆಯುವವರು, ಹಾಗೇ ಕೂರಲು ಸಂಕೋಚವೆನ್ನುವಂತೆ, ಸೆರಗಿನಿಂದ ಒಂದು ರೆಂಬೆ ತೆಗೆಯುತ್ತಿದ್ದರು. “ನಮ್ಮ ತಂಗಿ ಊರಾಗಿಂದು, ಮುದ್ದೆ ಮುದ್ದೆ ಹೂವು ಬಿಡತೈತಿ,” “ಇದು ಮೂರು ಬಣ್ಣ ಅಂತಾರ, ನಾ ಕಂಡಿಲ್ಲ.” ಹತ್ತರಲ್ಲಿ ಎಂಟು ಅದೇ ಕೆಂಪು. ಆದರೂ ಪಂಪಾವತಿ ಒಂದನ್ನೂ ಬೇಡವೆನ್ನಲಿಲ್ಲ. ಕೆಂಪಾದರೆ ಕಸಿಗೆ ಬುಡವಾಯಿತಲ್ಲ!

ಹಾಗೆ ಬಂದವುಗಳಲ್ಲಿ ಕುರುಗೋಡಿನ ಸರೋಜಾ ಕೊಟ್ಟದ್ದೊಂದು. ಸರೋಜಾ ಬಸ್ ನಿಲ್ದಾಣದ ಎದುರು ಮಿರ್ಚಿ ಕರಿಯುವಾಕೆ. ಅವಳ ಮನೆ ಗುಡ್ಡದ ಬುಡದಲ್ಲಿ. ಅಂಗಳದ ಬಂಡೆ ಸಂದಿಯಲ್ಲಿ ಅವಳತ್ತೆಯ ಕಾಲದಿಂದ ಒಂದು ನಾಟಿ ದಾಸವಾಳ ನಿಂತಿತ್ತು. ಬಿಳಿ ಹೂವು, ಗಂಟಲಲ್ಲಿ ಮಾತ್ರ ಕೆಂಪು. ಯಾರೂ ನೀರು ಹಾಕಿದವರಲ್ಲ, ಗೊಬ್ಬರ ಕಂಡದ್ದಲ್ಲ. ಬೇಸಿಗೆಯಲ್ಲಿ ಬಂಡೆ ಕಾದು ಬರಿಗಾಲು ಇಡಲಾಗದಿದ್ದರೂ ಆ ಗಿಡ ಮಾತ್ರ ಹೂ ಬಿಡುವುದನ್ನು ಬಿಡುತ್ತಿರಲಿಲ್ಲ.

ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿರಲಿಲ್ಲ. ನಳದ ನೀರು ವಾರಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ. ಬೋರಿನ ನೀರು ಹಾಕಿದರೆ ಉಪ್ಪಿಗೆ ಎಲೆ ಹಳದಿಯಾಗುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಕೊಡ ಸೇರಿ ಮಾಳಿಗೆ ಹತ್ತುತ್ತಿತ್ತು. ಅತ್ತೆ ಪಾರಮ್ಮನದು ಬೇರೆ ತಕರಾರು. ಏಳು ತಿಂಗಳು ಕಾದ ನಂತರ ನೇರಳೆ ಗಿಡವೊಂದು ಮೊದಲ ಹೂವು ಬಿಟ್ಟ ದಿನ ಪಂಪಾವತಿ ಡ್ಯೂಟಿ ಮುಗಿಸಿ ಓಡಿಬಂದರೆ ಗಿಡ ಬೋಳಾಗಿತ್ತು. ಹೂವು ದೇವರ ಗೂಡಿನಲ್ಲಿ, ಮಲ್ಲಯ್ಯನ ಫೋಟೋದ ತಲೆಯ ಮೇಲೆ ಕೂತಿತ್ತು.

“ಅತ್ತೀ, ಇದನ್ಯಾಕ ಹರಿದ್ರಿ?”

“ಹೂವು ಇರೋದ್ಯಾಕವ್ವ ಮತ್ತ? ನೀ ಒಬ್ಬಾಕಿ ನೋಡೂದು ಹೆಚ್ಚೋ, ಅವ ನೋಡೂದು ಹೆಚ್ಚೋ?”

ಪಂಪಾವತಿ ಹೆಗಲ ಚೀಲ ಕೆಳಗಿಟ್ಟಳು. ದೇವರ ಗೂಡಿನ ಮುಂದೆಯೇ ಚಾಪೆ ಹಾಸಿ ಕೂತು ಹೂವನ್ನು ಕಣ್ತುಂಬ ನೋಡಿದಳು. ಸೊಸೆ ಭಕ್ತಿಯಿಂದ ಕೂತಿದ್ದಾಳೆಂದು ಪಾರಮ್ಮನಿಗೆ ಬಹಳ ಸಂತೋಷವಾಯಿತು.

ಅಳುವ ದಿನವೂ ಒಂದು ಬಂತು. ಊರೂರು ತಿರುಗುವ ಗಾಡಿಯವನೊಬ್ಬನಿಂದ ತಂದ ಗಿಡದ ಎಲೆಯಡಿ ಬಿಳಿ ಹಿಟ್ಟಿನಂಥ ಹುಳವಿತ್ತು. ಆಕೆ ಗಮನಿಸುವ ಹೊತ್ತಿಗೆ ಅದು ಮಾಳಿಗೆಯೆಲ್ಲ ಹಬ್ಬಿತ್ತು. ಸೋಪಿನ ನೀರು, ಬೇವಿನೆಣ್ಣೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಹದಿನೇಳು ಗಿಡ ಬುಡಸಮೇತ ಕಿತ್ತು ಸುಡಬೇಕಾಯಿತು. ಮರುದಿನ ಟಿಕೆಟ್ ಕೊಡುವಾಗ ಯಾರೋ ಚಿಲ್ಲರೆ ಕೇಳಿದ್ದಕ್ಕೂ ಕಣ್ಣಲ್ಲಿ ನೀರು ಬಂತು. ಸಿರುಗುಪ್ಪದಲ್ಲಿ ಮೇಷ್ಟ್ರು ಸುದ್ದಿ ಕೇಳಿದವರೇ ಕತ್ತರಿ ಹಿಡಿದು ಅಂಗಳಕ್ಕಿಳಿದರು. ಯಾವ್ಯಾವ ಹದಿನೇಳು ಎಂದು ಹೆಸರು ಕೇಳುತ್ತ, ತಮ್ಮ ಬಳಿ ಇದ್ದ ಹನ್ನೊಂದರಿಂದ ಒಂದೊಂದು ಕಡ್ಡಿ ಕತ್ತರಿಸಿ ಕೈಗಿಟ್ಟರು. “ಹುಲಿಗೇಶಗ ಹೇಳು, ಈ ವಾರ ಪ್ಯಾಂಟು ಕಡಿಮಿ ಕತ್ತರಸು ಅಂತ.”

ಆ ಮಳೆಗಾಲದಲ್ಲೇ ಮೇಷ್ಟ್ರು ಆಕೆಗೆ ಹೊಸ ವಿದ್ಯೆಯೊಂದನ್ನು ಕಲಿಸಿದ್ದು. ಹೂವಿನ ನಡುವಿನ ಕಡ್ಡಿಯ ತುದಿಯಲ್ಲಿ ಐದು ಚುಕ್ಕಿಗಳಿರುತ್ತವೆ, ಅದರ ಕೆಳಗೆ ಹಳದಿ ಪುಡಿ. ಒಂದು ಗಿಡದ ಪುಡಿಯನ್ನು ಇನ್ನೊಂದರ ಚುಕ್ಕಿಗಳಿಗೆ ಬೆಳಿಗ್ಗೆ ತಂಪಿನಲ್ಲಿ ಸವರಬೇಕು. ಹಿಡಿದರೆ ಕಾಯಿ ಕಟ್ಟುತ್ತದೆ. ಅದರ ಬೀಜದಿಂದ ಬರುವ ಪ್ರತಿ ಗಿಡವೂ ಹೊಸದು, ಅಂಥದ್ದು ಇನ್ನೆಲ್ಲೂ ಇರುವುದಿಲ್ಲ.

“ಅಂದ್ರ, ಮೊದಲ ಸಲ ನೋಡೋರು ನಾವ?” ಎಂದು ಕೇಳಿದಳು ಪಂಪಾವತಿ.

“ನೀನ.”

ಆಕೆ ಸರೋಜಾಳ ನಾಟಿ ಗಿಡವನ್ನು ತಾಯಿಯಾಗಿ ಆರಿಸಿಕೊಂಡಳು. ಮೇಷ್ಟ್ರ ಬೂದುಬಣ್ಣದ ಹೂವಿನ ಪುಡಿಯನ್ನು ಮಾತ್ರೆಯ ಡಬ್ಬಿಯಲ್ಲಿ ತಂದು ಸವರಿದಳು. ಇಪ್ಪತ್ತಾರು ಹೂಗಳಿಗೆ ಸವರಿದ್ದಕ್ಕೆ ಒಂದೇ ಕಾಯಿ ನಿಂತಿತು. ಕಾಯಿಯೊಳಗೆ ಒಂಬತ್ತು ಬೀಜ. ಮೊಳೆತದ್ದು ಐದು, ಉಳಿದದ್ದು ಮೂರು. ಆ ಮೂರನ್ನು ಹುಲಿಗೇಶ್ ಹಳೆಯ ಜೀನ್ಸಿನ ಕಾಲು ಕತ್ತರಿಸಿ ಹೊಲಿದ ಚೀಲಗಳಲ್ಲಿ ನೆಟ್ಟರು. ಅಲ್ಲಿಂದ ಕಾಯುವ ಕೆಲಸ. ಒಂದು ವರ್ಷ ದಾಟಿತು. ಹದಿನಾರನೆಯ ತಿಂಗಳು, ಏಪ್ರಿಲ್ ಕಡೆಯ ವಾರ, ಎಲ್ಲಕ್ಕಿಂತ ದೊಡ್ಡ ಸಸಿಯಲ್ಲಿ ನಾಲ್ಕು ಮೊಗ್ಗು ಕಂಡವು. ಬಿಸಿಲಿಗೆ ಮೂರು ಉದುರಿದವು. ಒಂದು ಉಳಿಯಿತು.

ಅದು ಅರಳಿದ್ದು ಪಂಪಾವತಿ ಬೆಳಗಿನ ಬಸ್ಸಿನೊಂದಿಗೆ ಹೊರಟು ಹೋದ ಮೇಲೆ. ಬಸ್ಸು ಸಿರುಗುಪ್ಪದ ದಾರಿಯಲ್ಲಿದ್ದಾಗ ಹುಲಿಗೇಶನ ಫೋನು ಬಂತು.

“ಬಿಚ್ಚಿತಲೇ!”

“ಯಾವ ಬಣ್ಣ... ತಡೀರಿ, ಹೇಳಬ್ಯಾಡ್ರಿ! ಫೋಟೋನೂ ಕಳಿಸಬ್ಯಾಡ್ರಿ. ನಾನು ಕಣ್ಣಾರೆ ನೋಡಬೇಕು.”

“ನೀ ಬರೂದು ಸಂಜಿಗೆ. ಅಷ್ಟೊತ್ತಿಗೆ ಮುದುಡಿದ್ರ?”

ಪಂಪಾವತಿ ಗಡಿಯಾರ ನೋಡಿದಳು. ಈ ಹೂಗಳ ಆಯುಸ್ಸು ಒಂದೇ ದಿನ, ಅದರಲ್ಲೂ ಬಿಸಿಲಿನ ಕಾಲ. ರಜೆ ಕೇಳುವುದು ಯಾರನ್ನು, ಅದೂ ಏನಂತ? ಹುಲಿಗೇಶನೇ ಕೇಳಿದ, “ಬಳ್ಳಾರಿಗೆ ವಾಪಸ್ ಬಂದು ಎರಡನೇ ಟ್ರಿಪ್ ಬಿಡೂದು ಎಷ್ಟೊತ್ತಿಗೆ?”

ಮಧ್ಯಾಹ್ನ ಒಂದೂವರೆಗೆ ಬಸ್ಸು ಬಳ್ಳಾರಿ ನಿಲ್ದಾಣ ಸೇರಿತು. ಪಂಪಾವತಿ ಬಾಗಿಲಿನಿಂದಲೇ ಕಂಡಳು. ನೆರಳು ಹುಡುಕಿಕೊಂಡು ಹುಲಿಗೇಶ್ ಸ್ಕೂಟರ್ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಪಾರಮ್ಮ, ಮಡಿಲಲ್ಲಿ ಜೀನ್ಸಿನ ಚೀಲ. ಬಿಸಿಗಾಳಿ ತಾಗದಂತೆ ಗಿಡದ ಮೇಲೆ ತನ್ನ ಸೆರಗನ್ನೇ ಮುಚ್ಚಿ ಕೂತಿದ್ದಳು.

“ಬಾರವ್ವಾ, ದಾರಿ ಉದ್ದಕ್ಕೂ ಕೈಯಾಗ ಹಿಡಕೊಂಡು ಬಂದೀನಿ,” ಎಂದು ಸೆರಗು ಸರಿಸಿದಳು.

ಪಂಪಾವತಿ ಹದಿನಾರು ತಿಂಗಳು ಮನಸ್ಸಿನಲ್ಲಿ ಎಷ್ಟೋ ಬಣ್ಣಗಳನ್ನು ಬಳಿದಿದ್ದಳು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅಂಗೈಯಷ್ಟು ಅಗಲದ ಹೂವು, ಹೊಸದಾಗಿ ಸುಟ್ಟ ಇಟ್ಟಿಗೆಯ ಬಣ್ಣ. ಎಸಳಿನ ಮೇಲೆ ಸಣ್ಣ ಬಿಳಿ ನರಗಳು. ಒಂದು ಎಸಳು ಸ್ವಲ್ಪ ಸುಕ್ಕಾಗಿತ್ತು. ಬೂದು ಇಲ್ಲ, ಪಪ್ಪಾಯಿ ಅಂಚಿಲ್ಲ. ಒಂದು ಗಳಿಗೆ ಆಕೆಯ ಮುಖ ಸಪ್ಪಗಾಯಿತು. ಹುಲಿಗೇಶ್ ಅದನ್ನು ನೋಡಿ ತಲೆ ಕೆರೆದುಕೊಂಡ. ಆದರೆ ನೋಡುತ್ತ ನೋಡುತ್ತ ಆಕೆಗೆ ಬೇರೇನೋ ಹೊಳೆಯಿತು. ಇಂಥ ಹೂವು ಇವತ್ತಿನವರೆಗೂ ಜಗತ್ತಿನಲ್ಲಿರಲಿಲ್ಲ. ಈಗ ಇದೆ, ಈ ಗದ್ದಲದ ನಿಲ್ದಾಣದಲ್ಲಿ, ಅತ್ತೆಯ ಮಡಿಲಲ್ಲಿ. ಆಕೆ ನಗತೊಡಗಿದಳು. ನಗು ನಿಲ್ಲಲೇ ಇಲ್ಲ.

“ಮೇಷ್ಟ್ರಿಗೆ ತೋರಿಸಬೇಕ್ರಿ,” ಎಂದಳು.

ಡ್ರೈವರ್ ವೀರೇಶ್ ತನ್ನ ಪಕ್ಕದ ಬಾನೆಟ್ಟಿನ ಮೇಲಿದ್ದ ಟಿಫಿನ್ ಡಬ್ಬಿ, ಪೇಪರು ಎಲ್ಲ ಎತ್ತಿದ. ಆಮೇಲೆ ತಾನೇ ತಲೆಯಾಡಿಸಿ, “ಇಲ್ಲಿ ಬ್ಯಾಡ, ಕಾವು ಹತ್ತತೈತಿ. ಬಾಜೂ ಸೀಟಿಗೆ ಇಡ್ರಿ ಮೇಡಂ. ಇವತ್ತು ಗಾಡಿ ನಿಧಾನಕ್ಕ ಬಿಡ್ತೀನಿ,” ಎಂದ. ದಾರಿಯಲ್ಲಿ ಹತ್ತಿದವರಿಗೆಲ್ಲ ಆಕೆ ಟಿಕೆಟ್ ಜೊತೆ ಹೂವನ್ನೂ ತೋರಿಸಿದಳು. ಭತ್ತದ ಗದ್ದೆ ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು ತೆಲುಗಿನಲ್ಲಿ ತಮ್ಮತಮ್ಮಲ್ಲೇ ಚರ್ಚೆ ಮಾಡಿ, ಇದು ದಾಸವಾಳವೇ ಅಲ್ಲವೆಂದು ತೀರ್ಪು ಕೊಟ್ಟು ಇಳಿದರು.

ಮೂರೂವರೆಗೆ ತಿಪ್ಪೇರುದ್ರಪ್ಪನವರ ಅಂಗಳದಲ್ಲಿ ಬಿಸಿಲು ಕುದಿಯುತ್ತಿತ್ತು. ಅವರ ನಲವತ್ತೆರಡು ಕುಂಡಗಳ ಬೆಳಗಿನ ಹೂಗಳೆಲ್ಲ ಒದ್ದೆ ಕರ್ಚೀಫಿನ ಹಾಗೆ ಜೋತುಬಿದ್ದಿದ್ದವು. ಮೇಷ್ಟ್ರು ಕನ್ನಡಕ ಏರಿಸಿ ಪಂಪಾವತಿಯ ಗಿಡವನ್ನು ಸುತ್ತು ಹಾಕಿದರು. ಎಸಳಿನ ಅಂಚನ್ನು ಬೆರಳಿನಿಂದ ಸವರಿ ನೋಡಿದರು.

“ಬಣ್ಣ ಚಲೋ ಇಲ್ಲೇನ್ರಿ?” ಎಂದು ಆಕೆಯೇ ಕೇಳಿದಳು.

“ಬಣ್ಣ ಬಿಡು. ಬಸ್ಸಿನ್ಯಾಗ ಬಂದೈತಿ, ಸ್ಕೂಟರಿನ್ಯಾಗ ಬಂದೈತಿ, ಇಂಥಾ ಬಿಸಿಲು. ಎಸಳು ನೋಡು, ಬಾಡೇ ಇಲ್ಲ!” ಅವರ ದನಿ ಏರಿತು. “ನನ್ನವೆಲ್ಲ ಹನ್ನೆರಡಕ್ಕ ಮಲಗ್ಯಾವ. ಇದು ನಮ್ಮ ಸೀಮಿ ಹೂವು. ಇವತ್ತು ಇಲ್ಲೇ ಬಿಟ್ಟು ಹೋಗು, ಚಿತ್ರ ಬರೀತೀನಿ.”

ಮರುದಿನ ಬೆಳಿಗ್ಗೆ ಆರೂವರೆಗೆ ಮೇಷ್ಟ್ರ ಫೋನು. ಹೂವು ಇನ್ನೂ ತೆರೆದೇ ಇತ್ತು, ಎರಡನೆಯ ದಿನವೂ. ಅವರು ಚಿತ್ರ ಮುಗಿಸಿದ್ದರು. ಪುಟದ ಕೆಳಗೆ ಬರೆಯಲು ಹೆಸರು ಬೇಕಾಗಿತ್ತು. “ನಿನ್ನ ಹೆಸರ ಇಡೋಣೇನು? ಪಂಪಾವತಿ?”

ಪಕ್ಕದಲ್ಲಿ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಹುಲಿಗೇಶ್ ಕೂಗಿ ಹೇಳಿದ, “ಎರಡನೇ ಟ್ರಿಪ್ ಅಂತ ಬರೀರಿ ಸರ!”

ಮೂವರೂ ನಕ್ಕರು. ಆ ಹೆಸರೇ ನಿಂತಿತು.

ತಾಯಿಯ ಗಟ್ಟಿತನ ಅದಕ್ಕೆ ಪೂರ್ತಿ ಬಂದಿತ್ತು. ಕಸಿ ಬೇಕಿಲ್ಲ, ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ಮೊದಲ ಸಸಿ ಕುರುಗೋಡಿನ ಸರೋಜಾಳಿಗೆ ಹೋಯಿತು. ಅವಳು ಮಿರ್ಚಿಯ ಬಾಣಲೆ ಬಿಟ್ಟು ಬಂದು, ಎರಡೂ ಕೈಯಲ್ಲಿ ಇಸಿದುಕೊಂಡು, “ನಮ್ಮನಿ ಮಗಳು ಹೂವಾಗಿ ಬಂದಾಳ,” ಎಂದು ಪಂಪಾವತಿಗೆ ಒಂದು ಪೊಟ್ಟಣ ಮಿರ್ಚಿ ಕಟ್ಟಿಕೊಟ್ಟಳು. ಈಗ ಕೊಳಗಲ್ಲಿನಲ್ಲಿ ಐದು ಮನೆಯಲ್ಲಿ, ತೆಕ್ಕಲಕೋಟೆಯಲ್ಲಿ ಎರಡರಲ್ಲಿ, ಡಿಪೋದ ಗೇಟಿನ ಪಕ್ಕದಲ್ಲಿ ಅದು ಇದೆ.

ಅದರ ಒಡಹುಟ್ಟಿದ ಸಸಿಗಳಲ್ಲಿ ಒಂದು ಕಳೆದ ತಿಂಗಳು ಅರಳಿತು. ಅಪ್ಪಟ ಬಿಳಿ, ಸಾಧಾರಣ ಹೂವು. ಮೂರನೆಯದು ಎದೆಮಟ್ಟ ಬೆಳೆದಿದೆ, ಒಂದು ಮೊಗ್ಗೂ ಇಟ್ಟಿಲ್ಲ. ಜಾಗ ತಿನ್ನುತ್ತದೆ, ಕತ್ತರಿಸಿ ಕಸಿಗೆ ಬುಡ ಮಾಡಿಕೊಳ್ಳೋಣವೇ ಎಂದು ಹುಲಿಗೇಶ್ ಮೊನ್ನೆ ಭಾನುವಾರ ಬ್ಲೇಡು ತಂದ.

“ಇರಲಿ ಬಿಡ್ರಿ,” ಎಂದಳು ಪಂಪಾವತಿ ನೀರಿನ ಕೊಡ ಬಗ್ಗಿಸುತ್ತ. “ಅದಕ್ಕೇನು ಅವಸರ ಐತಿ?”