ಐದು ಜಿಲ್ಲೆಗಳ ಏಸಾ

ಓಲೆಟಾ ಹುಟ್ಟಿದ್ದು ಒಂದು ಕಲ್ಲಿದ್ದಲ ಗಣಿಯ ಸಾಲುಮನೆಯಲ್ಲಿ, ನಡೆಯಲು ಕಲಿತದ್ದು ಇನ್ನೊಂದರಲ್ಲಿ, ಅಕ್ಷರ ತಿದ್ದಿದ್ದು ಮತ್ತೊಂದರಲ್ಲಿ. ಚಳಿ ತಡೆಯಲು ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆ ಹಳದಿಯಾಗುವ ಮೊದಲೇ ಅಪ್ಪ ಒಲೆಯ ಕೊಳವೆ ಕಳಚಿ ಗಂಟುಮೂಟೆ ಕಟ್ಟುತ್ತಿದ್ದ. ಯಾಕಪ್ಪಾ ಅಂದರೆ ಒಂದೇ ಉತ್ತರ: "ಹ್ಯಾಲ್ಕೊಂಬ್ ಮನೆತನದ ರಕ್ತ ಕಣಮ್ಮ. ಈ ಗುಡ್ಡಕ್ಕೆ ಮೊದಲು ಬಂದ ಏಸಾ ಅಜ್ಜನೇ ನಿಂತಲ್ಲಿ ನಿಂತೋನಲ್ಲ."

ಮದುವೆಯಾದ ಮೇಲೆ ಓಲೆಟಾ ಚಕ್ರಗಳಿರುವ ತಗಡಿನ ಮನೆಯನ್ನೇ ಆರಿಸಿಕೊಂಡಳು. ಕೆಂಟಕಿಯ ಆ ಕಣಿವೆಗಳಲ್ಲಿ ಅಂಥ ಮನೆ ಕೊಂಡವರು ಜಾಗ ಸಿಕ್ಕ ಕೂಡಲೇ ಚಕ್ರ ಬಿಚ್ಚಿ, ಕಲ್ಲಿನ ಮೇಲೆ ಕೂರಿಸಿ, ಮುಂದೆ ಗುಲಾಬಿ ನೆಡುತ್ತಾರೆ. ಗಂಡ ಆರ್ವಿಲ್ ಚಕ್ರದ ಕಡೆ ಕೈ ಚಾಚಿದಾಗಲೆಲ್ಲ ಅವಳು, "ಈಗ್ಲೇ ಏನವಸರ?" ಎನ್ನುತ್ತಿದ್ದಳು. ಹಾಗೇ ಆರು ಕಡೆ ಎಳೆದಾಡಿದ ಮನೆ ಈಗ ಹೆದ್ದಾರಿಯ ಪಕ್ಕದ ಬಾಡಿಗೆ ಜಾಗದಲ್ಲಿ ನಿಂತಿತ್ತು. ಲಾರಿ ಹೋದರೆ ಕಪಾಟಿನ ಬಟ್ಟಲುಗಳು ಗಲಗಲ ಎನ್ನುತ್ತಿದ್ದವು. ತೊಟ್ಟಿಲಲ್ಲಿ ಮಗಳು ಟೆಸ್ಸಿ ಬೆಚ್ಚಿಬೀಳುತ್ತಿದ್ದಳು.

ಆ ಮೇ ತಿಂಗಳು ಅತ್ತೆ ಡೆಲ್ಫಿಯಾ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಹಳ್ಳದ ಮೇಲಿನ ತುಂಡು ನೆಲ ನಿಮಗೆ. ಆದ್ರೆ ಚಕ್ರ ಬಿಚ್ಬೇಕು. ಸಮಾಧಿ ಅಲಂಕಾರದ ಭಾನುವಾರ ಎಲ್ರೂ ಸೇರ್ತಾರಲ್ಲ, ಅವತ್ತು ಹೇಳ್ಬಿಡು. ಇಲ್ಲಾಂದ್ರೆ ಚಿಕ್ಕೋನಿಗೆ ಕೊಡ್ತೀನಿ. ಅವನಿಗೂ ಹೆಂಡ್ತಿ ಬಂದಿದಾಳೆ."

ಆರ್ವಿಲ್ ಅವತ್ತು ಸಂಜೆ ಮಗಳನ್ನು ಎತ್ತಿಕೊಂಡು ಆ ನೆಲದ ಕಡೆ ಹೋಗಿ ಬಂದ. ಅದು ಓಲೆಟಾಳಿಗೆ ಜಗಳಕ್ಕಿಂತ ಹೆಚ್ಚು ಚುಚ್ಚಿತು.

ಅವಳು ಹಿಡಿದದ್ದು ಏಸಾನ ಜಾಡು. ಅಪ್ಪ ಸತ್ತಾಗಿನಿಂದ ಬಿಟ್ಟು ಬಿಟ್ಟು ಹುಡುಕುತ್ತಿದ್ದಳು; ಈಗ ಹಟಕ್ಕೆ ಬಿದ್ದಳು. ಅಲೆಯುವುದು ರಕ್ತದಲ್ಲೇ ಇದೆ ಎಂದು ತೋರಿಸಿಬಿಟ್ಟರೆ ಅತ್ತೆಯ ಬಾಯಿ ಮುಚ್ಚುತ್ತದೆ, ಗಂಡನಿಗೂ ಅರ್ಥವಾಗುತ್ತದೆ. ಮಗುವನ್ನು ಸೊಂಟಕ್ಕೇರಿಸಿ, ಜೋಳದ ರೊಟ್ಟಿಯ ತುಂಡೊಂದನ್ನು ಅದರ ಕೈಗೆ ಕೊಟ್ಟು, ಜಿಲ್ಲೆಯಿಂದ ಜಿಲ್ಲೆಗೆ ನ್ಯಾಯಾಲಯದ ನೆಲಮಾಳಿಗೆಗಳನ್ನು ಸುತ್ತಿದಳು. ಹಳೆಯ ಕಂದಾಯದ ಪಟ್ಟಿಗಳಲ್ಲಿ ಏಸಾ ಸಿಕ್ಕಿದ. ಒಂದು ಜಿಲ್ಲೆಯಲ್ಲಿ ಕೆಲವು ವರ್ಷ ಕಾಣಿಸಿಕೊಂಡು ಮಾಯ. ಮುಂದಿನ ವರ್ಷ ಬೇರೆ ಜಿಲ್ಲೆಯಲ್ಲಿ ಹಾಜರು. ಹೀಗೆ ಐದು ಜಿಲ್ಲೆ! ಐದನೆಯದು ಸಿಕ್ಕ ದಿನ ಕಾರಿನಲ್ಲಿ ಅವಳು ಹಾಡಿಕೊಂಡೇ ಬಂದಳು.

ಭಾನುವಾರದ ಹಿಂದಿನ ದಿನ ಡೆಲ್ಫಿಯಾಳ ಜಗಲಿಯಲ್ಲಿ ಇಬ್ಬರೂ ಸಮಾಧಿಗಳಿಗೆ ಕಾಗದದ ಹೂ ಕಟ್ಟುತ್ತಿದ್ದರು. ಅತ್ತೆ ಹೂಗಳನ್ನು ಕರಗಿದ ಮೇಣದಲ್ಲಿ ಅದ್ದಿ ತಂತಿಗೆ ನೇತುಹಾಕುತ್ತಿದ್ದಳು, ಮಳೆ ಬಂದರೂ ಬಣ್ಣ ಬಿಡದಿರಲೆಂದು.

"ನೋಡಿ ಅತ್ತೆ, ಐದು ಜಿಲ್ಲೆ," ಎಂದು ಓಲೆಟಾ ನಕಲು ಮಾಡಿದ ಹಾಳೆಗಳನ್ನು ಹರವಿದಳು. "ಇನ್ನೂ ನನ್ನ ಕಾಲಿಗೆ ಗೂಟ ಹೊಡೀತೀರಾ?"

"ಅದಿರ್ಲಿ. ಅವನ ನೆರೆಯವ್ರು ಯಾರು?"

ಆ ಗುಡ್ಡದಲ್ಲಿ ಯಾರ ಹೆಸರೆತ್ತಿದರೂ ಮೊದಲ ಪ್ರಶ್ನೆ ಅದೇ. ಓಲೆಟಾ ಇಷ್ಟು ದಿನ ಏಸಾನ ಹೆಸರಿನ ಮೇಲಷ್ಟೇ ಬೆರಳಿಟ್ಟಿದ್ದಳು. ಈಗ ಆಚೀಚೆಯ ಹೆಸರುಗಳನ್ನು ಗಟ್ಟಿಯಾಗಿ ಓದಿದಳು. "ಒಂದನೇದ್ರಲ್ಲಿ ಜೆಸ್ಸಿ ಪ್ರೂಯಿಟ್, ವಿಧವೆ ಮ್ಯಾಗರ್ಡ್. ನೆಲ ಇರೋದು ಎಲ್ಕ್‌ಲಿಕ್ ಹಳ್ಳದ ಮೇಲೆ. ಎರಡನೇದ್ರಲ್ಲಿ ಪ್ರೂಯಿಟ್, ಮ್ಯಾಗರ್ಡ್... ಎಲ್ಕ್‌ಲಿಕ್ ಹಳ್ಳ. ಮೂರನೇದ್ರಲ್ಲಿ..." ಅವಳ ದನಿ ಇಳಿಯಿತು.

ಡೆಲ್ಫಿಯಾ ಹೂವನ್ನು ಮೇಣದಿಂದ ಎತ್ತಿದಳು. "ನಾನು ಒಂದೇ ಸಲ ಮನೆ ಬದಲಾಯಿಸಿದ್ದು. ಒಲೆ ಹೊರೋಕೆ ಒಬ್ಬ ನೆರೆಯೋನೂ ಬರ್ಲಿಲ್ಲ. ನಿಮ್ಮಜ್ಜ ನಾಲ್ಕು ಸಲ ಗುಳೇ ಹೋದ್ರೂ ನೆರೆಯವ್ರು ಬೆನ್ನಿಗೇ ಬಂದ್ರಾ? ಆ ವಿಧವೆ ಮುದುಕೀನೂ? ಹೋಗ್ಲಿ ಕಣೇ, ಹಳ್ಳಾನ ಯಾರು ಹೊತ್ಕೊಂಡು ಬಂದ್ರು?"

ಓಲೆಟಾಳ ಕೈಯಲ್ಲಿದ್ದ ಹೂ ಮುದುರಿತ್ತು.

"ಆಗ ಜಿಲ್ಲೆ ಅಂದ್ರೆ ಒಂದು ದೊಡ್ಡ ರೊಟ್ಟಿ," ಡೆಲ್ಫಿಯಾ ಮೆತ್ತಗೆ ಹೇಳಿದಳು. "ಜನ ಹೆಚ್ಚಿದ ಹಾಗೆ ಕುಯ್ದು ಕುಯ್ದು ಹೊಸ ಜಿಲ್ಲೆ ಮಾಡಿದ್ರು. ನಿಮ್ಮಜ್ಜ ಕೂತಲ್ಲೇ ಕೂತಿದ್ದ. ಗೆರೆ ಅವನ ಮೇಲೆ ಹಾದುಹೋಯ್ತು, ಅಷ್ಟೆ."

"ಹಾಗಾದ್ರೆ ಅಪ್ಪ ಹೇಳಿದ್ದು?"

"ನಿಮ್ಮಪ್ಪನ್ನ ಗಣಿಯೋರು ಕೆಲಸದಿಂದ ತೆಗೆದಾಗ ತಾನೇ ಅವ್ನು ಹೊರಡ್ತಿದ್ದದ್ದು? ಮಕ್ಕಳ ಹತ್ರ ಹಾಗಂತ ಹೇಳೋಕಾಗುತ್ತಾ? ಅಜ್ಜನ ಹೆಸರು ಹೇಳಿದ್ರೆ ಸ್ವಲ್ಪ ಮರ್ಯಾದೆ."

ಓಲೆಟಾ ಟೆಸ್ಸಿಯನ್ನು ಕಾರಿನಲ್ಲಿ ಮಲಗಿಸಿ ಆಗಲೇ ಹೊರಟುಬಿಟ್ಟಳು. ಕೂತು ಯೋಚಿಸುವುದು ಅವಳಿಗೆ ಎಂದೂ ಬಂದದ್ದಲ್ಲ. ಎರಡು ಗುಡ್ಡ ದಾಟಿ, ಕೇಳಿ ಕೇಳಿ ಎಲ್ಕ್‌ಲಿಕ್ ಹಳ್ಳಕ್ಕೆ ಇಳಿದಳು. ಅಲ್ಲಿ ಮನೆ ಇರಲಿಲ್ಲ. ಒಲೆಗೂಡಿನ ಕಲ್ಲುಗಳು ಕುಸಿದು ಬಿದ್ದಿದ್ದವು, ನಡುವೆ ಯಾರೋ ಹೆಂಗಸು ನೆಟ್ಟಿದ್ದ ನೀಲಿ ಹೂವಿನ ಬಳ್ಳಿ ಹಬ್ಬಿತ್ತು. ಮೇಲಿನ ದಿಣ್ಣೆಯಲ್ಲಿ ಹೆಸರಿಲ್ಲದ ಸಮಾಧಿ ಕಲ್ಲುಗಳು. ದೊಡ್ಡವು ಕೆಲವು, ಮೊಳದುದ್ದದವು ಹಲವು. ಚಿಕ್ಕ ಕಲ್ಲುಗಳ ಮುಂದೆ ಅವಳು ಟೆಸ್ಸಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಇಷ್ಟು ಜನ ಮಕ್ಕಳನ್ನು ಇಲ್ಲಿ ಮಣ್ಣು ಮಾಡಿದವರು ಎಲ್ಲಿಗೆ ಹೋದಾರು?

ಆದರೂ ಹಳ್ಳದ ಆಚೆಯ ತಿರುವಿನಲ್ಲಿ ಏನಿದೆ ನೋಡಬೇಕೆಂದು ಅವಳ ಕಾಲು ತುಡಿಯಿತು. ಏಸಾನನ್ನು ದೂರುವಂತಿಲ್ಲ, ಅಪ್ಪನನ್ನೂ ದೂರುವಂತಿಲ್ಲ. ಈ ತುಡಿತ ಅವಳದೇ.

ಭಾನುವಾರ ಸಮಾಧಿಗಳಿಗೆಲ್ಲ ಹೂ ಇಟ್ಟು, ಹುಲ್ಲಿನ ಮೇಲೆ ಬಟ್ಟೆ ಹಾಸಿ ನೆಂಟರೆಲ್ಲ ಊಟಕ್ಕೆ ಕೂತರು. ಡೆಲ್ಫಿಯಾ ಕೋಳಿಯ ತುಂಡು ಬಡಿಸುತ್ತಾ ಸೊಸೆಯ ಮುಖ ನೋಡಿದಳು. ಆರ್ವಿಲ್ ತಟ್ಟೆ ನೋಡಿದ.

"ಆರ್ವಿಲ್," ಎಂದಳು ಓಲೆಟಾ, "ನಾಳೆ ಮನೆ ಎಳ್ಕೊಂಡು ಹೋಗಿ ಅತ್ತೆ ಕೊಡೋ ನೆಲದ ಮೇಲೆ ಇಡು. ಚಕ್ರ ಬಿಚ್ಚು."

ಅವನು ಅಗಿಯುವುದನ್ನು ನಿಲ್ಲಿಸಿದ. "ನಾಲ್ಕೂನಾ?"

"ಮೂರು."

"ಒಂದು ಚಕ್ರದ ಮೇಲೆ ಎಲ್ಲಿಗೆ ಹೋಗ್ತೀಯೇ ಮಾರಾಯ್ತಿ?" ಮೈದುನ ನಕ್ಕ.

"ಎಲ್ಲಿಗೂ ಇಲ್ಲ. ಇರ್ಲಿ ಅಂತ."

ಎಲ್ಲರೂ ಡೆಲ್ಫಿಯಾಳ ಕಡೆ ತಿರುಗಿದರು. ಅವಳು ಬೆರಳಿಗಂಟಿದ್ದ ಮೇಣವನ್ನು ಉಗುರಿನಿಂದ ಕೆರೆದಳು.

"ಇರ್ಲಿ ಬಿಡು," ಎಂದಳು ಕೊನೆಗೆ. "ಅದರ ಮುಂದೆ ಗುಲಾಬಿ ನೆಡ್ತೀನಿ. ಯಾರಿಗೂ ಕಾಣ್ಸಲ್ಲ."