ಮಣೆಯ ಮೇಲಿಟ್ಟ ಕಾಮಿಕ್ಸ್

ಹೊಟ್ಟೆಕಿಚ್ಚಿಗೆ ಸಣ್ಣವರು ದೊಡ್ಡವರು ಎಂಬ ಭೇದವಿಲ್ಲ. ನಾನು ಪಟ್ಟದ್ದು ಎಪ್ಪತ್ತು ದಾಟಿದ, ಮಂಡಿ ಆಪರೇಷನ್ ಆದ ಒಬ್ಬ ಮುದುಕಿಯ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಗ ನಾವು ನ್ಯೂಜಿಲೆಂಡಿನ ಪೊರಿರುವಾದಲ್ಲಿದ್ದೆವು. ನಾನು ಆಸ್ಪತ್ರೆಯಲ್ಲಿ ನರ್ಸು, ಗಂಡನಿಗೆ ವೆಲ್ಲಿಂಗ್ಟನ್ನಿನಲ್ಲಿ ಆಫೀಸು. ಮಂಗಳವಾರ, ಗುರುವಾರ ನನಗೆ ಮಧ್ಯಾಹ್ನದ ಡ್ಯೂಟಿ. ಆ ಎರಡು ದಿನ ಶಾಲೆ ಬಿಟ್ಟ ಮೇಲೆ ನಮ್ಮ ಒಂಬತ್ತು ವರ್ಷದ ಮಗಳನ್ನು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಇಲ್ಲಿಯೇ ಹುಟ್ಟಿ ಬೆಳೆದ ಬಿಳಿಯ ಮುದುಕಿ, ಒಂಟಿ. ತಾನಾಗಿಯೇ ಬಂದು ಕೇಳಿ ಒಪ್ಪಿಕೊಂಡಿದ್ದಳು. ಉಪಕಾರವೇ, ಇಲ್ಲವೆನ್ನುವುದಿಲ್ಲ. ಉಪಕಾರ ಮಾಡಿದವರ ಜೊತೆ ಜಗಳ ತೆಗೆಯಲೂ ಬರುವುದಿಲ್ಲ, ಅದೇ ನನ್ನ ಕಷ್ಟ.

ಆಕೆಯ ಹತ್ತಿರ ಒಂದು ಟ್ರಂಕು ತುಂಬ ಹಳೆಯ ಕಾಮಿಕ್ಸುಗಳಿದ್ದವು. ಬಿಗಿ ಅಂಗಿ ತೊಟ್ಟು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಆಕಾಶದಿಂದ ಹಾರಿ ಬಂದು ದುಷ್ಟರ ದವಡೆಗೆ ಗುದ್ದುವ ಮಹಾವೀರರ ಕಥೆಗಳು. ೧೯೫೦ರ ಸುಮಾರಿಗೆ, ಆಕೆ ಏಳೆಂಟು ವರ್ಷದವಳಿದ್ದಾಗ ಓದಿದವು. ಆಗ ಅಮೆರಿಕದಲ್ಲಿ ಅಚ್ಚಾದವು ಈ ದೇಶಕ್ಕೆ ಸುಲಭವಾಗಿ ಬರುತ್ತಿರಲಿಲ್ಲವಂತೆ. ಆಸ್ಟ್ರೇಲಿಯಾದಲ್ಲಿ ಮತ್ತೆ ಅಚ್ಚು ಹಾಕಿದವು ಇಲ್ಲಿಯವರು ಡೇರಿ ಎನ್ನುವ ಬೀದಿ ಮೂಲೆಯ ಕಿರಾಣಿ ಅಂಗಡಿಗೆ ಬರುತ್ತಿದ್ದವಂತೆ. ಹೊದಿಕೆ ಮಾತ್ರ ಬಣ್ಣದ್ದು, ಒಳಗೆಲ್ಲ ಕಪ್ಪು ಬಿಳುಪು. ಈ ಮಹಾತಾಯಿ ಅವುಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬಿದ್ದಳು. ಕೆಂಪು ಮುಗಿದುಹೋದ ಕಡೆ ವೀರರಿಗೆಲ್ಲ ಹಸಿರು ಬಟ್ಟೆ.

ಮಗಳು ಅವುಗಳಿಗೆ ಮರುಳಾದಳು. ಆಕೆಯನ್ನು ‘ನ್ಯಾನಾ’ ಎಂದು ಕರೆಯತೊಡಗಿದಳು. ಇಲ್ಲಿ ಮಕ್ಕಳು ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಧಾರವಾಡದಲ್ಲಿ ನನ್ನ ಹಡೆದವ್ವ ಫೋನು ಹಿಡಿದು ಕೂತರೆ ಮೊಮ್ಮಗಳ ಬಾಯಿಂದ ಬರುವುದು ‘ಹಾಯ್ ಅಜ್ಜಿ, ಬೈ ಅಜ್ಜಿ’ ಎರಡೇ ಮಾತು. ಊರಿಂದ ಕನ್ನಡದ ಚಿತ್ರಕಥೆಗಳನ್ನು ತರಿಸಿದೆ. ಎರಡು ಪುಟ ಮಗುಚಿ ಇಟ್ಟಳು. ಶಾಪಿಂಗ್ ಮಾಲ್‌ಗೆ ಹೋಗಿ ಮಿರಿಮಿರಿ ಮಿಂಚುವ ಹೊಸ ಇಂಗ್ಲಿಷ್ ಕಾಮಿಕ್ಸನ್ನೇ ತಂದುಕೊಟ್ಟೆ. “ಥ್ಯಾಂಕ್ಯೂ ಅಮ್ಮ, ಬಟ್ ಇಟ್ಸ್ ನಾಟ್ ದ ಸೇಮ್” ಎಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಆ ಗಿಡ.

“ಮುದುಕಿ ಮ್ಯಾಲೆ ಹೊಟ್ಟಿಕಿಚ್ಚು ಪಡ್ತಾರೇನ ಹುಚ್ಚಿ?” ಎಂದು ಗಂಡ ನಕ್ಕರು.

“ನಿಮಗೇನ್ ತಿಳೀತದ ಬಿಡ್ರಿ. ಹೆತ್ತಾಕಿ ನಾನು,” ಎಂದೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ದಿನ ಕಸದ ಡಬ್ಬಿ ಹೊರಗಿಡುವಾಗ ಆಕೆ ಬೇಲಿಯ ಆಚೆಯಿಂದ ಮೆಲ್ಲಗೆ ಕೇಳಿದಳು: ಶಾಲೆಯಲ್ಲಿ ಎರಡು ತಿಂಗಳಿನಿಂದ ಊಟದ ಹೊತ್ತಿಗೆ ಹುಡುಗಿ ಒಬ್ಬಳೇ ಕೂರುತ್ತಿದ್ದಾಳಲ್ಲ, ಈಗ ಸರಿಹೋಯಿತೇ? ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳಂತೆ “ಹೂಂ, ಪರವಾಗಿಲ್ಲ” ಎಂದು ಒಳಗೆ ಬಂದೆ. ಎರಡು ತಿಂಗಳಿನಿಂದ ನನ್ನ ಮಗಳ ಜೊತೆ ಯಾರೂ ಕೂತು ಉಣ್ಣುತ್ತಿಲ್ಲ, ಅದು ಆ ಮುದುಕಿಗೆ ಗೊತ್ತು, ನನಗೆ ಗೊತ್ತಿಲ್ಲ! ಮೈಯೆಲ್ಲ ಉರಿದುಹೋಯಿತು. ನನ್ನ ಕೂಸು ನನ್ನ ಕೈತಪ್ಪಿ ಹೋಗುತ್ತಿದೆ ಎಂಬ ಹೆದರಿಕೆ ಹೊಕ್ಕಿದ್ದು ಆವತ್ತೇ.

ಮುಂದೆ ಹದಿನೈದು ದಿನಕ್ಕೆ ಖಂಡೇನವಮಿ ಬಂತು. ನಮ್ಮಲ್ಲಿ ಅಂದು ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಏರಿಸಿ ಸರಸ್ವತಿ ಎಂದು ಪೂಜಿಸುವುದು ಪದ್ಧತಿ. ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ.

“ನಿನಗ ಭಾಳ ಪ್ರೀತಿ ಇರೂ ಪುಸ್ತಕ ತಂದಿಡವಾ,” ಎಂದೆ ಮಗಳಿಗೆ.

ಎರಡು ಶಾಲೆಯ ಪುಸ್ತಕ ತಂದಳು. ಆಮೇಲೆ ಓಡಿಹೋಗಿ ಇನ್ನೊಂದು ತಂದು ಎಲ್ಲದರ ಮೇಲಿಟ್ಟಳು. ನ್ಯಾನಾಳ ಕಾಮಿಕ್ಸು, ಆಕೆ ಎಲ್ಲಕ್ಕಿಂತ ಮೊದಲು ಕೊಂಡದ್ದಂತೆ. ಮನೆಗೆ ಒಯ್ಯಲು ಅದೇ ಮೊದಲ ಸಲ ಕೊಟ್ಟಿದ್ದಳು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಹೊದಿಕೆಯ ಮೇಲೆ ಎರಡೂ ಕೈ ಚಾಚಿ ಹಾರುತ್ತಿರುವ ವೀರ.

ಮಗಳು ಪರಕರ ಉಡಲು ಕೋಣೆಗೆ ಹೋದಳು. ನಾನು ಅರಿಶಿನ ಕಲಸಿಕೊಂಡು ಒಂದೊಂದೇ ಪುಸ್ತಕಕ್ಕೆ ಹಚ್ಚುತ್ತ ಬಂದೆ. ಕಾಮಿಕ್ಸಿನ ಸರದಿ ಬಂತು. ಎರಡು ಅಕ್ಷತೆ ಹಾಕಿದ್ದರೆ ಸಾಕಿತ್ತು. ಪ್ಲಾಸ್ಟಿಕ್ಕಿನ ಮೇಲೆ ಹಚ್ಚಿದರೆ ಪೂಜೆ ಹೇಗಾದೀತು ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಚೀಲದಿಂದ ಹೊರಗೆ ತೆಗೆದೆ. ಅರವತ್ತು ವರ್ಷದ ಕಾಗದ, ಹಪ್ಪಳದಂತಾಗಿತ್ತು. ಬೆರಳು ತುಂಬ ಅರಿಶಿನ ತೆಗೆದು ವೀರನ ಎದೆಯ ಮೇಲೆ ಒತ್ತಿದೆ, ಅದರ ಮೇಲೆ ಕುಂಕುಮ. ನೀರು ಕಾಗದಕ್ಕೆ ಇಳಿಯುವುದನ್ನು ನೋಡುತ್ತ ನಿಂತೆ. ಹಿತವಾಯಿತು. ಸುಳ್ಳೇಕೆ ಹೇಳಲಿ, ಬಹಳ ಹಿತವಾಯಿತು. ಮಗಳು ಬರುವಷ್ಟರಲ್ಲಿ ಮೇಲೆ ಸೇವಂತಿಗೆ ಹೂ ಮುಚ್ಚಿದ್ದೆ.

ಮರುದಿನ ಹೂ ತೆಗೆದಾಗ ವೀರನ ಎದೆ, ಮುಖ ಎಲ್ಲ ಕಲೆ. ಮಗಳು ಅಂಗಿಯ ತುದಿಯಿಂದ ಮೆತ್ತಗೆ ಒರೆಸಿದಳು. ಕಾಗದವೇ ಕಿತ್ತು ಬಂತು.

“ಪೂಜಿ ಅಂದ್ರ ಎಲ್ಲಾದಕ್ಕೂ ಹಚ್ಚೂದ,” ಎಂದೆ, ಅವಳು ಕೇಳುವ ಮೊದಲೇ.

ಅತ್ತಾಳು, ಕೂಗಾಡಿಯಾಳು ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ, “ಇಟ್ಸ್ ಓಕೆ ಅಮ್ಮ. ಯೂ ಡಿಡಂಟ್ ನೋ,” ಎಂದಳು. ಪಾಪ, ನನಗೆ ಸಮಾಧಾನ ಹೇಳಿದಳು!

ಇಬ್ಬರೂ ಪಕ್ಕದ ಮನೆಗೆ ಹೋದೆವು. ಮುದುಕಿ ಬಾಗಿಲಲ್ಲೇ ಪುಸ್ತಕ ತೆಗೆದುಕೊಂಡು ನೋಡಿದಳು. ಕೆಟ್ಟ ಮಾತೊಂದೂ ಆಡಲಿಲ್ಲ. ಕಿತ್ತುಹೋದ ಜಾಗದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಕೂಡಿಸಿದಳು.

“ನಾನೇ ಮಾಡಿದ್ದು ನ್ಯಾನಾ,” ಎಂದಳು ಮಗಳು ಇಂಗ್ಲಿಷಿನಲ್ಲಿ. “ದೇವರ ಮುಂದೆ ಇಟ್ಟಿದ್ದೆ. ಬಣ್ಣ ನಾನೇ ಹಚ್ಚಿದೆ. ಸಾರಿ.”

ಮುದುಕಿ ತಲೆಯಾಡಿಸಿದಳು. “ಇಲ್ಲ ಪುಟ್ಟ. ನೀನು ಇದನ್ನು ಮುಟ್ಟುವ ಮೊದಲು ಪ್ರತಿ ಸಲವೂ ಕೈ ತೊಳೆದು, ಒಣಗಿತೇ ಎಂದು ನನಗೆ ತೋರಿಸುವವಳು. ನೀನು ಮಾಡಿದ್ದಲ್ಲ.”

ಅದೂ ನನಗೆ ಗೊತ್ತಿರಲಿಲ್ಲ. ಆಕೆಯ ಬಾಯಿಂದ ನನ್ನ ಮಗಳ ಗುಣ ಕೇಳುತ್ತ ಮತ್ತೆ ಹೊಟ್ಟೆಯಲ್ಲಿ ಉರಿ ಎದ್ದಿತು. ಆ ಹೊತ್ತಿನಲ್ಲೂ!

“ನಾನು ಹಚ್ಚಿದ್ದು,” ಎಂದೆ.

“ನಿಮಗೆ ತಿಳಿದಿರಲಿಕ್ಕಿಲ್ಲ, ಬಿಡಿ,” ಎಂದಳು ಆಕೆ.

“ಹೌದು, ಅಮ್ಮನಿಗೆ ಗೊತ್ತಿರಲಿಲ್ಲ,” ಎಂದು ಮಗಳು ನನ್ನ ಕೈ ಹಿಡಿದುಕೊಂಡಳು.

ಇಬ್ಬರೂ ಸೇರಿ ನನಗೆ ದಾರಿ ಬಿಟ್ಟುಕೊಟ್ಟಿದ್ದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಸಲುವಾಗಿ ಸುಳ್ಳು ಹೇಳಿದವಳ ಆ ಸಣ್ಣ ಕೈ ನನ್ನ ಕೈಯಲ್ಲಿತ್ತು, ತಡೆದುಕೊಳ್ಳಲಾಗಲಿಲ್ಲ.

“ಗೊತ್ತಿತ್ತು. ಹಾಳಾಗಲಿ ಎಂದೇ ಚೀಲದಿಂದ ತೆಗೆದು ಹಚ್ಚಿದೆ.”

ಮಗಳು ನನ್ನನ್ನೇ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು, ಹೊಸ್ತಿಲು ದಾಟಿ ಹೋಗಿ ಮುದುಕಿಯ ಪಕ್ಕದಲ್ಲಿ ನಿಂತಳು.